ಅಪ್ಪನ ಹೆಸರಿನ ಅರ್ಥ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಸಾಲವು. ಓದುವವರು ಮನ್ನಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಇದರಲ್ಲಿ ಬರುವ ಮಗಳು ನಾನೇ. ಆದರೆ ‘ನಾನು’ ಎಂದು ಬರೆಯಲು ಸಂಕೋಚ. ಅದಕ್ಕೆ ಮಗಳು ಎಂದೇ ಬರೆದಿದ್ದೇನೆ.

ಅಪ್ಪ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವವರು. ಹತ್ತೊಂಬತ್ತು ವರ್ಷ ಒಂದೇ ಯಂತ್ರ. ಅಲ್ಲಿ ಎಲ್ಲರಿಗೂ ಅವರು ಬ್ಲೇಡ್ ಮಾಮ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ. ಎರಡೂ ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಕೈ ಉಳಿಯಲೆಂದೇ ಆ ಏರ್ಪಾಡು. ಕೆಲಸ ಬೇಗ ಸಾಗಲೆಂದು ಮಾಲೀಕರು ಒಂದು ಗುಂಡಿಯನ್ನು ಒತ್ತಿಹಿಡಿದು ಟೇಪು ಸುತ್ತಿಸಿದ್ದರು. ಕಳೆದ ತಿಂಗಳು ಅಪ್ಪ ಬಲಗೈಯಿಂದ ಹಾಳೆಗಳ ಕಟ್ಟು ಸರಿಮಾಡುತ್ತಿದ್ದಾಗ ಎಡಗೈ ಇನ್ನೊಂದು ಗುಂಡಿಗೆ ತಾಗಿತು. ಬಲಗೈಯ ಮೂರು ಬೆರಳು ಹೋದವು.

ಬ್ಲೇಡಿನ ಕೆಳಗಿದ್ದದ್ದು ಮಕ್ಕಳಿಗಿಡುವ ಹೆಸರುಗಳ ಪುಸ್ತಕ. ಜೊತೆಗಾರನೊಬ್ಬ ಒಂದು ಪ್ರತಿ ತಂದುಕೊಟ್ಟ. ಮಗಳು ಅದರಲ್ಲಿ ಅಪ್ಪನ ಹೆಸರು ಹುಡುಕಿ, ತಡವರಿಸುತ್ತ ಓದಿದಳು: “ಸಲೀಂ. ಅರಬ್ಬಿ ಗಂಡು ಹೆಸರು. ಸುರಕ್ಷಿತ, ಕುಂದಿಲ್ಲದವನು ಎಂದರ್ಥ. ಹಿಂದೆ ಹಾವು ಕಚ್ಚಿದವನನ್ನೂ, ಬದುಕಿಕೊಳ್ಳಲಿ ಎಂಬ ಹಾರೈಕೆಯಿಂದ, ಹೀಗೇ ಕರೆಯುತ್ತಿದ್ದರು.”

ಅಪ್ಪ ಬ್ಯಾಂಡೇಜಿನ ಕೈ ಎತ್ತಿ ನೋಡಿಕೊಂಡರು.

“ನಮ್ಮಜ್ಜಿ ಮೊದಲನೇ ಅರ್ಥ ಹೇಳಿ ಎರಡನೇದು ನುಂಗಿಬಿಟ್ಟಿದ್ಳು, ಮುದುಕಿ,” ಎಂದು ನಕ್ಕರು.

“ನಗ್ತೀರಲ್ಲ, ನಿಮಗೇನು ಬುದ್ಧಿ ಇಲ್ವಾ?” ಅಮ್ಮ ಸಿಡುಕಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಮಾಲೀಕರು ಬಂದರು.

“ಮಾಮ, ‘ನನ್ನ ಅಜಾಗರೂಕತೆಯಿಂದ ಆಯ್ತು’ ಅಂತ ಒಂದು ಕಾಗದ ಬರ್ಕೊಡಿ. ಗೇಟ್ ಹತ್ರ ಕುರ್ಚಿ ಹಾಕಿಸ್ತೀನಿ. ಆರಾಮಾಗಿ ಕೂತಿರಿ.”

ಅಪ್ಪನಿಗೆ ಪೆನ್ನು ಹಿಡಿಯಲಾಗದು. ಮಗಳು ಬರೆದಳು. ಬಲು ಹುಷಾರಾಗಿ, ಟೇಪಿನ ವಿಷಯವನ್ನೂ ಸೇರಿಸಿ ಬರೆದಳು. ಮಾಲೀಕರು ಓದಿ, ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

“ಅಕ್ಷರ ಚೆನ್ನಾಗಿಲ್ಲ ಕಣಮ್ಮ. ಇನ್ನೊಂದ್ಸಲ ಬರಿ.”

ಮಗಳು ಅಪ್ಪನ ಮುಖ ನೋಡಿದಳು.

“ಅವರು ಹೇಳ್ದಂಗೆ ಬರಿ ಮಗಾ,” ಎಂದರು ಅಪ್ಪ. “ಗೇಟೂ ತಪ್ಪಿಹೋದ್ರೆ ಎಲ್ಲಿಗೆ ಹೋಗ್ಲಿ? ಈ ಕೈಗೆ ಯಾರು ಕೆಲಸ ಕೊಡ್ತಾರೆ?”

ಅವಳು ಬರೆದಳು. ಅಪ್ಪ ಎಡಗೈಯಲ್ಲಿ ಹೆಸರು ಗೀಚಿದರು. ಎರಡೇ ಅಕ್ಷರ ಹಾಳೆಯ ಅರ್ಧ ತಿಂದವು. ಮಾಲೀಕರಿಗೆ ಈ ಸಲ ಯಾರ ಅಕ್ಷರವೂ ಕೆಟ್ಟದಾಗಿ ಕಾಣಲಿಲ್ಲ. ಹೊಸ್ತಿಲು ದಾಟುತ್ತ, “ಮಗಳನ್ನೂ ಕಳಿಸಿ, ಹಾಳೆ ಮಡಚೋಕೆ ಜನ ಬೇಕು,” ಎಂದರು.

ಸೋಮವಾರದಿಂದ ನಾನು ಹೋಗುತ್ತೇನೆ. ಅಪ್ಪನ ಜಾಗಕ್ಕೆ ಬೇರೆಯವರು ಬಂದಿದ್ದಾರಂತೆ, ಟೇಪು ಹಾಗೇ ಇದೆಯಂತೆ. ಮೊದಲು ಅದನ್ನು ಕೀಳುತ್ತೇನೆ. ಆಮೇಲೆ ಹಾಳೆ ಮಡಚುತ್ತೇನೆ.