ಅರವತ್ತೆಂಟನೆಯ ಕ್ಯಾಸೆಟ್ಟು

ನಮ್ಮ ಸೋದರಮಾವನಿಗೆ ಊರು ಇಟ್ಟ ಹೆಸರು ಟೇಪಣ್ಣ. ಕಸುಬು ರೇಡಿಯೋ ರಿಪೇರಿ, ಹುಚ್ಚು ಊರಿನ ಚರಿತ್ರೆ. ಯಾರ ಮನೆಯಲ್ಲಾದರೂ ಹಣ್ಣು ಹಣ್ಣು ಮುದುಕರಿದ್ದಾರೆಂದು ಗೊತ್ತಾದರೆ ಸಾಕು, ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಅವನೆದುರು ಸೀನಿದರೂ ಚರಿತ್ರೆಗೆ ಸೇರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮೊದಲ ಬಸ್ಸು ಬಂದದ್ದು, ಹಳೇ ಸೇತುವೆ ಕೊಚ್ಚಿಹೋದದ್ದು, ಹೆಂಚಿನ ಕಾರ್ಖಾನೆ ಮುಚ್ಚಿದ್ದು, ಎಲ್ಲವೂ ಸಮುದಾಯ ಭವನದಲ್ಲಿ, ವೇದಿಕೆಯ ಹಿಂದಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿ ನಂಬರು ಹಚ್ಚಿಕೊಂಡು ಕೂತಿವೆ. ಒಟ್ಟು ಎಪ್ಪತ್ಮೂರು ಕ್ಯಾಸೆಟ್ಟು. ಭವನ ನೋಡಿಕೊಳ್ಳುವವಳು ನಾನೇ ಆದ್ದರಿಂದ ಬೀಗದ ಕೈ ನನ್ನ ಹತ್ತಿರ ಇದೆ.

ನಿಜ ಹೇಳಬೇಕೆಂದರೆ ಊರನ್ನು ಮಾತಾಡಿಸಿದ್ದು ಅವನ ಹೆಂಡತಿ, ನಮ್ಮತ್ತೆ. ಮಾವ ಕಚೇರಿ ಗುಮಾಸ್ತನ ಹಾಗೆ "ಹುಟ್ಟಿದ ವರ್ಷ?" ಎಂದು ಶುರುಮಾಡಿದರೆ ಮುದುಕಿಯರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಅತ್ತೆ ಪಕ್ಕಕ್ಕೆ ಸರಿದು ಕೂತು, ಕೈ ಹಿಡಿದು, "ಅವತ್ತು ಯಾವ ಸೀರೆ ಉಟ್ಕೊಂಡಿದ್ರಿ ಅಜ್ಜಿ?" ಎಂದರೆ ಮುಗಿಯಿತು, ಮಾತಿನ ಕಟ್ಟೆ ಒಡೆಯುತ್ತಿತ್ತು. ಆದರೆ ಮಾವನದೊಂದು ನೇಮ. ಅತ್ತೆ ಬಾಯಿ ತೆರೆದ ಕೂಡಲೇ ಅವನ ಹೆಬ್ಬೆರಳು ಟೇಪು ನಿಲ್ಲಿಸುವ ಗುಂಡಿಯನ್ನು ಒತ್ತುತ್ತಿತ್ತು. ಎದುರಿನವರು ಮಾತಾಡತೊಡಗಿದ ಮೇಲೆಯೇ ಟೇಪು ಮತ್ತೆ ತಿರುಗಬೇಕು.

"ನಾನು ಮಾತಾಡಿದ್ರೆ ನಿಮ್ಮ ಟೇಪು ಸವೆದುಹೋಗುತ್ತಾ?"

"ನೀನೇನು ಊರಿನ ಚರಿತ್ರೇನಾ? ಸುಮ್ನಿರೇ."

ಅತ್ತೆ ನಕ್ಕುಬಿಡುತ್ತಿದ್ದಳು. ಮೈ ಉರಿಯುತ್ತಿದ್ದದ್ದು ನನಗೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ತಿಂಗಳಾದ ಮೇಲೆ ಮಾವ ಭವನಕ್ಕೆ ಬಂದ. "ಬೀರು ತೆಗಿ ಕಣೇ. ಅವಳ ದನಿ ಮರೆತುಹೋಗ್ತಿದೆ. ಒಂದು 'ಹೂಂ' ಸಿಕ್ಕಿದ್ರೂ ಸಾಕು."

ದಿನಾ ಮಧ್ಯಾಹ್ನ ಇಬ್ಬರೂ ಕೂತು ಒಂದನೆಯ ನಂಬರಿನಿಂದ ಕೇಳಿದೆವು. ಬರೀ ಉತ್ತರಗಳು. "ಹಸಿರು ಸೀರೆ ಕಣಮ್ಮ." ಟಕ್. "ಇಲ್ಲ ತಾಯಿ, ಅವನು ವಾಪಸ್ ಬರಲೇ ಇಲ್ಲ." ಟಕ್. ಊರಿನವರ ಸೀನು, ಬಿಕ್ಕಳಿಕೆ, ಗೊಣಗಾಟ ಎಲ್ಲ ಇತ್ತು. ಅತ್ತೆಯದು ಒಂದು ಕೆಮ್ಮೂ ಇರಲಿಲ್ಲ. ಅಷ್ಟು ಅಚ್ಚುಕಟ್ಟು, ಮಹಾನುಭಾವನ ಕೆಲಸ.

ಅರವತ್ತೆಂಟನೆಯದರಲ್ಲಿ ಸೂಲಗಿತ್ತಿ ಅಜ್ಜಿ, ಸೇತುವೆ ಕೊಚ್ಚಿಹೋದ ವರ್ಷ ದೋಣಿಯಲ್ಲೇ ಹೆರಿಗೆ ಮಾಡಿಸಿದ ಕತೆ ಹೇಳುತ್ತಿದ್ದಳು. ನಡುವೆ ಟಕ್ ಎಂದಿತು. ಆಮೇಲೆ ಅಜ್ಜಿಯ ದನಿ ತಗ್ಗಿತ್ತು. "ಅಳಬೇಡ ಮಗಳೇ. ಇಷ್ಟು ವರ್ಷ ಇದನ್ನ ಒಬ್ಬಳೇ ನುಂಗ್ಕೊಂಡಿದ್ಯಾ? ನಿನ್ನ ಗಂಡನಿಗೂ ಹೇಳಿಲ್ವಾ?" ಮತ್ತೆ ಟಕ್. "ದೋಣಿ ದಡ ಮುಟ್ಟೋ ಹೊತ್ತಿಗೆ ಮಗು ಅಳ್ತು," ಎಂದು ಕತೆ ಮುಂದುವರಿಯಿತು.

ಮಾವ ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಇನ್ನೊಮ್ಮೆ ಕೇಳಿದ.

"ಅತ್ತೆ ಏನು ಹೇಳ್ಕೊಂಡಿದ್ಲು ಮಾವ?"

"ಅಲ್ಲೇ ಇದ್ದೆ ಕಣೇ, ಮೊಣಕಾಲಿಗೆ ಮೊಣಕಾಲು ತಾಗೋಷ್ಟು ಹತ್ರ." ಅವನು ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ಗುಂಡಿ ಒತ್ತಿದ್ದು ನೆನಪಿದೆ. ಕಣ್ಣೆಲ್ಲ ಮೆಷಿನ್ ಮೇಲೇ ಇತ್ತು. ಅವಳು ಏನಂದ್ಲೋ... ನಾನು ಕೇಳಿಸ್ಕೊಳ್ಳಲೇ ಇಲ್ಲ."

ಅವನನ್ನು ಬೈಯಲೆಂದು ವರ್ಷಗಳಿಂದ ಮಾತು ಕೂಡಿಟ್ಟಿದ್ದ ನಾನೇ ಟೇಪನ್ನು ಅವನಿಗಾಗಿ ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿದೆ. ಅತ್ತೆಗಾಗಿಯೂ ಮರುಗಿದೆ, ಅವನಿಗಾಗಿಯೂ.

ಉಳಿದ ಐದು ಕ್ಯಾಸೆಟ್ಟು ಅವನು ಕೇಳಲಿಲ್ಲ. ಈಗಲೂ ದಿನಾ ಮಧ್ಯಾಹ್ನ ಬರುತ್ತಾನೆ, ಅರವತ್ತೆಂಟನ್ನೇ ಹಾಕುತ್ತಾನೆ. ಮೊದಲ ಟಕ್ ಬಂದ ಕೂಡಲೇ ಟೇಪು ನಿಲ್ಲಿಸಿ ಕಣ್ಣು ಮುಚ್ಚಿ ಕೂರುತ್ತಾನೆ. ಏನಾದರೂ ನೆನಪಾಯಿತೇ ಎಂದು ನಾನು ಕೇಳುವುದಿಲ್ಲ.