ಹಳದಿ ವೈರಿನ ಸುಳ್ಳು

ಗೌರಮ್ಮನವರೇ, ಅವತ್ತು ನಿಮ್ಮ ಮನೆಯ ಡಿವಿಡಿ ಪ್ಲೇಯರ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾನು ಸುಳ್ಳು ಹೇಳಿದೆ — ಗೊತ್ತಿದ್ದೂ ಹೇಳಿದೆ, ಹೇಳುವಾಗ ಒಳಗೊಳಗೇ ಖುಷಿಯನ್ನೂ ಪಟ್ಟೆ.

ನಾನು ಸಿದ್ದರಾಜು. ನಂಜನಗೂಡಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು. ಅದಕ್ಕೂ ಮೊದಲು, ನಿಮ್ಮೂರಿನ ಕೆಳಗಿನ ಕೇರಿಯ ಚಿಕ್ಕಮಾದನ ಮಗ. ನನ್ನಪ್ಪ ನಿಮ್ಮ ಗದ್ದೆಯಲ್ಲಿ ದುಡಿದು, ನಿಮ್ಮ ಜಗಲಿಯ ಕೆಳಗೆ ಕೈಕಟ್ಟಿ ನಿಂತು, ನಿಮ್ಮ ಯಜಮಾನರನ್ನು ‘ಬುದ್ಧಿ’ ಎನ್ನುತ್ತಲೇ ಸತ್ತ. ನಾನು ‘ಸಾ’ ಎನ್ನಲು ಕಲಿತೆ. ನಾವು ಮುಂದುವರಿದದ್ದು ಅಷ್ಟೇ.

ನಿಮ್ಮ ಮಗಳು ಸುಧಾ ಹೆರಿಗೆಯಲ್ಲಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಎಡೆ ಇಡುವ ದಿನ ಅವಳ ಮದುವೆಯ ಡಿಸ್ಕ್ ಹಾಕಿ ನೋಡಬೇಕೆಂಬುದು ನಿಮ್ಮ ಆಸೆ. ಮನೆಗೆ ಸುಣ್ಣ ಹೊಡೆಸಿದ ಮೇಲೆ ಟಿವಿಯಲ್ಲಿ ಚಿತ್ರವೇ ಬರುತ್ತಿಲ್ಲವೆಂದು ಹೇಳಿಕಳಿಸಿದಿರಿ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದೆ. “ಟಿವಿ ನೋಡ್ಬೇಕು ಸಾ, ಒಳಿಕ್ ಬರ್ಲಾ?” ಎಂದೆ.

“ಒಳಿಕ್ಯಾಕ್ಲಾ?” ಎಂದರು ನಿಮ್ಮ ಯಜಮಾನರು. “ಡಬ್ಬನ ಈಚ್ಗೇ ತಂದ್ಕೊಟ್ಟಿಲ್ವಾ? ಅಲ್ಲೇ ನೋಡು.”

ಜಗಲಿಯ ತುದಿಯಲ್ಲಿ ಕೂತು ಪ್ಲೇಯರ್ ಬಿಚ್ಚಿದೆ. ಒಳಗಿನಿಂದ ಕರೆಂಟಿನ ವೈರು ಎಳೆದುಕೊಟ್ಟರು. ಡಿಸ್ಕ್ ಸುತ್ತಿತು, ಮುಂಭಾಗದ ಪುಟ್ಟ ಗಾಜಿನಲ್ಲಿ ಸೆಕೆಂಡುಗಳು ಒಂದೊಂದಾಗಿ ಏರಿದವು. ಎಲ್ಲ ಸರಿಯಾಗಿತ್ತು — ಸುಧಾಳ ಮದುವೆ ನನ್ನ ತೊಡೆಯ ಮೇಲೆ ನಡೆಯುತ್ತಿತ್ತು, ನೋಡಲು ಟಿವಿ ಮಾತ್ರ ಇರಲಿಲ್ಲ. ಸುಣ್ಣ ಹೊಡೆಯುವಾಗ ಬಿಚ್ಚಿದ, ಚಿತ್ರ ಒಯ್ಯುವ ಹಳದಿ ವೈರನ್ನು ಟಿವಿಯ ಹಿಂದೆ ತಪ್ಪು ತೂತಿಗೆ ಸಿಕ್ಕಿಸಿರಬೇಕು, ಅಷ್ಟೇ. ಇಂಥದ್ದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಒಳಗೆ ಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಬಿಡದಿದ್ದರೂ — ನನ್ನನ್ನು ಇವತ್ತಿಗೂ ಸುಡುವುದು ಇದೇ — ಹೊರಗಿನಿಂದಲೇ ‘ಆ ಹಳದಿದನ್ನ ಪಕ್ಕಕ್ಕೆ ಹಾಕಿ’ ಎಂದಿದ್ದರೆ ಸಾಕಿತ್ತು.

ಹೇಳಲಿಲ್ಲ. ಅಪ್ಪ ಕೈಕಟ್ಟಿ ನಿಂತಿದ್ದು ಕಣ್ಣಿಗೆ ಕಟ್ಟಿತು. ಈ ಮನುಷ್ಯ ತಾನಾಗಿ ನನ್ನ ಅಂಗಡಿಗೆ ಬಂದು ‘ಮನೆಯೊಳಕ್ಕೆ ಬಾರಪ್ಪ’ ಎಂದು ಕರೆಯಬೇಕು, ಅಲ್ಲಿಯವರೆಗೆ ಯಾರೂ ಏನೂ ನೋಡುವುದು ಬೇಡ — ಹಾಗಂದುಕೊಂಡೆ.

“ಲೆನ್ಸ್ ಓಗ್ಯದೆ ಸಾ. ಡಿಸ್ಕೂ ಕೆಟ್ಟೋಗ್ಯದೆ. ಏನೂ ಮಾಡಕಾಗಲ್ಲ.”

ಬಾಗಿಲ ಹಿಂದಿನಿಂದ ನೀವು ಕೇಳಿದಿರಿ: “ಸುಧನ್ ಮೊಕ ಇನ್ ಕಾಣಾಕಿಲ್ವೇನಪ್ಪ?”

“ಇಲ್ಲ ಅವ್ವಾರೇ.”

ಹಾಡು ಗುನುಗುತ್ತ ಬೈಕಿನಲ್ಲಿ ವಾಪಸಾದೆ. ಹೌದು, ಗುನುಗುತ್ತಲೇ.

ತಿಂಗಳು ಕಳೆಯಿತು. ಯಜಮಾನರು ಬರಲಿಲ್ಲ. ಬಂದವರು ನೀವು — ಕಪಿಲೆಯಲ್ಲಿ ಮಿಂದು, ಒದ್ದೆ ತಲೆಯಲ್ಲೇ. ನನ್ನ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತು ನೀರು ಕೇಳಿದಿರಿ. ನಾನು ಕುಡಿಯುವ ಲೋಟದಲ್ಲೇ ಕೊಟ್ಟೆ, ಕುಡಿದಿರಿ. ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ — ಅಷ್ಟರಲ್ಲಿ ನೀವೇ ಮಾತಾಡಿದಿರಿ.

“ಡಿಸ್ಕು ಕೆಟ್ಟೋಯ್ತು ಅಂದ್ಯಲ್ಲಪ್ಪ. ಮಗೀನ ಮೊಕ ಇದ್ದ ವಸ್ತು, ಕಸಕ್ ಎಸಿಯಾಕ್ ಮನಸ್ ಬರ್ನಿಲ್ಲ. ಎಡೆ ಊವಿನ್ ಜೊತೇಲಿ ಕಪಿಲೆಗ್ ಬುಟ್ಟೆ.”

ನನ್ನ ಬಾಯಿ ಮುಚ್ಚಿತು. ಹನ್ನೊಂದು ವರ್ಷ ಮುಚ್ಚಿಯೇ ಇತ್ತು. ಮೊನ್ನೆ, ಇನ್ನೊಂದು ಪ್ರತಿ ಸಿಕ್ಕೀತೇನೋ ಎಂದು, ಆ ವಿಡಿಯೋ ತೆಗೆದವನನ್ನು ಟಿ. ನರಸೀಪುರದಲ್ಲಿ ಹುಡುಕಿಕೊಂಡು ಹೋದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಬೇಕರಿ ಇದೆ. ಮನೆ ಹುಡುಕಿ ಕೇಳಿದರೆ, ಅವನ ಹತ್ತಿರ ಹಳೆಯದು ಒಂದೂ ಉಳಿದಿಲ್ಲ.

ನಿಮ್ಮ ಯಜಮಾನರ ಮೇಲಿನ ಸಿಟ್ಟು ಈಗಲೂ ಆರಿಲ್ಲ, ಆರಲೆಂದು ನನಗೆ ಅನ್ನಿಸಿಯೂ ಇಲ್ಲ. ಆದರೆ ಏಟು ಬಿದ್ದದ್ದು ಅವರಿಗಲ್ಲ. ಆ ಮುಖ ನೋಡಬೇಕೆಂದು ಕೇಳಿದ್ದು ಅವರಲ್ಲ — ನೀವು.

ನಿಮಗೆ ಓದು ಬರುವುದಿಲ್ಲವೆಂದು ಗೊತ್ತಿದ್ದೇ ಇದನ್ನು ಬರೆದೆ. ಇದೂ ಒಂದು ಹೇಡಿತನವೇ. ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯುವುದು ಬೇಡ. ಜಗಲಿಯ ಹತ್ತಿರವೇ ನಿಂತು, ನಿಮ್ಮನ್ನು ಹೊರಗೆ ಕರೆದು, ನಿಮ್ಮ ಮುಖ ನೋಡಿಯೇ ಹೇಳಬೇಕು — ಡಿಸ್ಕು ಚೆನ್ನಾಗಿತ್ತು ಅವ್ವಾರೇ.