ಬೋಳು ಮೂತಿಯ ಹುಳು

ನನ್ನ ಮಾವನವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ತುರುವೇಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ಸುತ್ತಲಿನ ಊರುಗಳ ಮದುವೆಗಳನ್ನೆಲ್ಲ ನೋಡಿದ ಮನುಷ್ಯ. ಮುಚ್ಚಿ ಮುಚ್ಚಿ ಆ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು, ಸುತ್ತಲೂ ಬಾಡಿದ ವೀಳ್ಯದೆಲೆಯಂಥ ಸುಕ್ಕು. ಮಗನಿಗೆಂದು ನನ್ನನ್ನು ನೋಡಲು ಬಂದ ದಿನ ಅವರು ತನಗೆ ಕಣ್ಣು ಹೊಡೆದರೆಂದು ನನ್ನ ಚಿಕ್ಕಮ್ಮ ಉಪ್ಪಿಟ್ಟಿನ ತಟ್ಟೆ ಕುಕ್ಕಿ ಒಳಗೆ ಹೋಗಿದ್ದಳು. ಸಮಾಧಾನ ಮಾಡಲು ಸಾಕಷ್ಟು ಹೊತ್ತು ಹಿಡಿಯಿತು.

ದಂಡಿನಶಿವರದ ಹತ್ತಿರದ ಅವರ ತೋಟದ ಮನೆಗೆ ನಾನು ಸೊಸೆಯಾಗಿ ಬರುವ ಹೊತ್ತಿಗೆ ಸ್ಟುಡಿಯೋ ಬಾಗಿಲು ಹಾಕಿತ್ತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಫೋಟೋದವರನ್ನು ಕೇಳುವವರು ಯಾರು? ಆದರೆ ಕ್ಯಾಮೆರಾ ಮಾತ್ರ ಅವರ ಕೊರಳಿನಿಂದ ಇಳಿಯಲಿಲ್ಲ. ಹಳೆಯ ಲೆನ್ಸೊಂದನ್ನು ಹಿಂದುಮುಂದಾಗಿ ತಿರುಗಿಸಿ ಸಿಕ್ಕಿಸಿ, ಫ್ಲಾಷಿನ ಮುಂದೆ ಹಾಲಿನ ಪಾಕೆಟ್ಟಿನ ಕವರು ಕಟ್ಟಿ, ತೋಟದಲ್ಲಿ ಹೊಟ್ಟೆಯಡಿಯಾಗಿ ಮಲಗಿ ಹುಳುಗಳ ಫೋಟೋ ತೆಗೆಯುತ್ತಿದ್ದರು. ಅವರ ಬಿಳಿ ಪಂಚೆ ಒಗೆಯುವವಳು ನಾನು. ಹಾಗಾಗಿ ಈ ಕಲೆಯ ಮೇಲೆ ಮೊದಮೊದಲು ನನಗೆ ಗೌರವವೇನೂ ಇರಲಿಲ್ಲ.

ಮದುವೆಯ ಪಟಗಳಿಗೆಂದು ತಂದು ಉಳಿದಿದ್ದ ಬಂಗಾರದ ಬಣ್ಣದ ಕಟ್ಟುಗಳಲ್ಲಿ ಹುಳುಗಳ ಚಿತ್ರಗಳನ್ನು ಕೂರಿಸಿ ನಡುಮನೆಯ ತುಂಬ ನೇತುಹಾಕಿದ್ದರು. ಗೊದ್ದ ಇರುವೆಯ ದವಡೆ ಕತ್ತಿಯ ಹಾಗೆ ಕಾಣುತ್ತಿತ್ತು. ಮಿಡತೆಯ ಹೊಟ್ಟೆಯ ಪಕ್ಕದಲ್ಲಿ ಅದು ಉಸಿರಾಡುವ ತೂತುಗಳ ಸಾಲು. ನೊಣದ ಚಿತ್ರವಂತೂ ಊಟಕ್ಕೆ ಕೂರುವ ಕಡೆಗೇ ಇತ್ತು. "ಅದಕ್ಕೆ ಹಲ್ಲಿಲ್ಲ ಕಣಮ್ಮ, ಮೂತೀಲಿ ಸ್ಪಂಜು ಇದ್ದಂಗೈತೆ. ಅನ್ನದ ಮೇಲೆ ಎಂಜಲು ಬುಟ್ಟು, ಕರಗಿಸ್ಕಂಡು ಹೀರ್ತದೆ" ಎಂದು ಬಂದ ನೆಂಟರಿಗೆ ವಿವರಿಸುತ್ತಿದ್ದರು. ನೆಂಟರು ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ಯಾವ ಹುಳು ಸಿಕ್ಕಿದರೂ ಅವರದು ಒಂದೇ ಮಾತು: "ಮೊದ್ಲು ಬಾಯಿ ನೋಡ್ಬೇಕು. ಬಾಯಿ ನೋಡಿದ್ರೆ ಯಾತಕ್ಕೆ ಬಂದೈತೆ ಅಂತ ಗೊತ್ತಾಯ್ತದೆ."

ಆ ಮನೆತನದಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಅದರ ಹೆಸರು ಹೇಳಿ ಒಂದು ತೆಂಗಿನ ಸಸಿ ನೆಡುತ್ತಾರೆ. ನಮ್ಮ ಮನೆಯ ಮುಂದೆ, ನಾವು ಮಲಗುವ ಕೋಣೆಗೆ ತಾಗಿದಂತೆ ಇದ್ದದ್ದು ನನ್ನ ಗಂಡನ ಹೆಸರಿನ ಮರ. ಅವರಿಗೆ ಜ್ವರ ಬಂದರೆ ಮನೆಯವರು ಮೊದಲು ಆ ಮರದ ಸುಳಿ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ನನ್ನ ಮಗಳ ನಾಮಕರಣಕ್ಕೆ ಶಾಮಿಯಾನದವರು ಬಂದಾಗ ಹಗ್ಗ ಕಟ್ಟಲು ಅನುಕೂಲವೆಂದು ಆ ಮರಕ್ಕೇ ದೊಡ್ಡ ದೊಡ್ಡ ಮೊಳೆ ಹೊಡೆದರು. ಮಗನ ಮರವೇ ಮೊಮ್ಮಗಳ ಚಪ್ಪರಕ್ಕೆ ಕಂಬವಾಯಿತು ಎಂದು ಎಲ್ಲರಿಗೂ ಖುಷಿ. ಹೋಗುವಾಗ ಮೊಳೆ ಕಿತ್ತುಕೊಂಡು ಹೋದರು. ಆ ಗಾಯಗಳಿಂದ ರಸ ಇಳಿಯತೊಡಗಿತು. ಅದರ ವಾಸನೆಗೆ ಒಂದು ಹುಳು ಬಂತು: ಇಟ್ಟಿಗೆ ಬಣ್ಣದ ಮೈ, ಬಾಗಿದ ಉದ್ದ ಮೂತಿ. ಮಾವ ಹಿಗ್ಗಿಹೋದರು. ಮೂತಿಯನ್ನು ಗಾಯದೊಳಗೆ ಇಳಿಸಿಕೊಂಡು ನಿಂತ ಆ ಹುಳುವಿನ ಚಿತ್ರ ಅವರು ತೆಗೆದವುಗಳಲ್ಲೆಲ್ಲ ಚೆನ್ನಾಗಿ ಬಂತು. ಅದಕ್ಕೆ ತೀರಿಹೋದ ಅತ್ತೆಯ ಪಟದ ಪಕ್ಕದಲ್ಲೇ ಜಾಗ ಸಿಕ್ಕಿತು, ತಿಂಗಳುಗಟ್ಟಲೆ ನಾವೆಲ್ಲ ಅದನ್ನು ನೋಡಿಕೊಂಡು ಕಾಫಿ ಕುಡಿದೆವು.

ಆಮೇಲೊಮ್ಮೆ ತೋಟದಲ್ಲಿ ಅದೇ ಜಾತಿಯ ಇನ್ನೊಂದು ಸಿಕ್ಕಿತು. ಇದರ ಮೂತಿಯ ಮೇಲೆ ಬ್ರಷ್ಷಿನಂಥ ಕೂದಲಿತ್ತು. ಮೊದಲನೆಯದರ ಮೂತಿ ಬೋಳು. ಇದೇಕೆ ಹೀಗೆ ಎಂದು ಮಾವ ಎರಡೂ ಚಿತ್ರಗಳನ್ನು ತೆಂಗು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕಿದರು. ಯಾರೋ ಉತ್ತರ ಬರೆದರು: ಕೂದಲಿರುವುದು ಗಂಡು, ಬೋಳಾಗಿರುವುದು ಹೆಣ್ಣು. ಹೆಣ್ಣು ಮೂತಿಯಿಂದ ತೂತು ಕೊರೆದು ಮೊಟ್ಟೆ ಇಡುತ್ತದೆ, ಮರಿಗಳು ಮರವನ್ನು ಒಳಗಿನಿಂದ ತಿನ್ನುತ್ತವೆ. ಈ ಫೋಟೋ ಯಾವಾಗಿನದು, ಮರ ಇನ್ನೂ ನಿಂತಿದೆಯಾ?

ಮಾವ ಅದನ್ನು ಓದಿ ಫೋನನ್ನು ಜಗಲಿಯ ಮೇಲೆ ಬೋರಲು ಇಟ್ಟರು. ಎದ್ದುಹೋಗಿ ಮರಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದರು. "ಬಾ ಇಲ್ಲಿ ತಾಯಿ, ಕಿವಿ ಕೊಡು."

ಕೊಟ್ಟೆ. ಒಳಗೆ ಯಾರೋ ಒಣಗರಿಯನ್ನು ಮೆಲ್ಲಗೆ ತುಳಿಯುತ್ತಿದ್ದಂತೆ ಸದ್ದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಮೇಲೆ ಹಸಿರು ಗರಿ, ತುಂಬಿದ ಗೊನೆ. ಆ ಹಸಿರು ನೋಡಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.

ತೂತಿಗೆ ಔಷಧಿ ಸುರಿದು ಜೇಡಿಮಣ್ಣು ಮೆತ್ತಿದ್ದಾಯಿತು. ಕೆಲವು ದಿನ ಸದ್ದು ನಿಂತಿತು. ಮತ್ತೆ ಕೇಳಿದಾಗ ಅದು ಇನ್ನೂ ಮೇಲಕ್ಕೆ ಹೋಗಿತ್ತು. ಮಳೆಗೆ ಮುಂಚಿನ ಗಾಳಿಯ ದಿನಗಳು ಹತ್ತಿರ ಬರುತ್ತಿದ್ದವು. ಇದ್ದದ್ದು ಮೂರೇ ಕೋಣೆಯ ಹೆಂಚಿನ ಮನೆ. ತೊಟ್ಟಿಲನ್ನು ಎಲ್ಲಿಗೆ ಎಳೆದರೂ ಅದು ಆ ಮರ ಬಿದ್ದರೆ ತಾಗುವ ಅಳತೆಯೊಳಗೇ ಇರುತ್ತಿತ್ತು.

ಕಡಿಸೋಣ ಎಂದು ನಾನೇ ಬಾಯಿಬಿಟ್ಟೆ. ಮಾವನ ಅಕ್ಕ ನಮ್ಮ ಜೊತೆಗೇ ಇದ್ದರು, ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ತಮ್ಮನ ಮೇಲೆ ಹರಿಹಾಯ್ದರು. "ಹೆತ್ತ ಮಗನ ಹೆಸ್ರಿನ ಮರಕ್ಕೆ ಕೊಡಲಿ ಇಡ್ತೀಯೇನ್ಲಾ? ಫಲ ಬುಡ್ತಾ ಇರೋ ಮರ ಕಣ್ಲಾ ಅದು! ಅವನ ಆಯಸ್ಸನ್ನ ನಿನ್ನ ಕೈಯಾರೆ ಕಡ್ದಂಗೆ!"

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ನನ್ನ ಗಂಡ, "ಇರ್ಲಿ ಬುಡೇ, ಮರ ಚೆನ್ನಾಗೇ ಐತಲ್ಲ" ಎಂದು ನೆಲ ನೋಡಿಕೊಂಡು ಹೇಳಿದರು. ಅವರಿಗೂ ಒಳಗೊಳಗೇ ಭಯ. ನನಗೆ ಮೈಯೆಲ್ಲ ಉರಿಯಿತು. "ಮಾವ, ನಿಮ್ಮ ಮೊಮ್ಮಗಳು ಆ ಹೆಂಚಿನ ಕೆಳಗೆ ಮಲಗ್ತಾಳೆ" ಎಂದೆ. ಅವರು ಗೋಡೆಯ ಮೇಲಿದ್ದ ಆ ಹುಳುವಿನ ಪಟ ತೆಗೆದು, ಗೋಡೆಯ ಕಡೆ ಮುಖ ಮಾಡಿ ನೆಲಕ್ಕಿಟ್ಟರು.

ಗಾಳಿ ಜೋರಾದ ವಾರದಲ್ಲಿ ಒಂದು ಬೆಳಿಗ್ಗೆ ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಂದು ಕೊಡ ನೀರು ಹೊತ್ತು ಮರದ ಬುಡಕ್ಕೆ ಬಂದರು. ನೀರು ಹುಯ್ದರು, ಕುಂಕುಮ ಇಟ್ಟರು, ಕಾಯಿ ಒಡೆದರು. ನಮ್ಮೆಲ್ಲರ ಎದುರು, ತಮ್ಮ ಹೆಸರನ್ನೂ ತಮ್ಮ ತಂದೆಯ ಹೆಸರನ್ನೂ ಗಟ್ಟಿಯಾಗಿ ಹೇಳಿದರು. "ಮಗನ ಹೆಸ್ರು ತೆಗ್ದಿದೀನಿ. ಇವತ್ತಿಂದ ಇದು ನನ್ನೆಸ್ರಿನ ಮರ. ಇದಕ್ಕೇನಾಯ್ತದೋ ಅದು ನಂಗಾಗ್ಲಿ."

"ಏನಂದ್ಬುಟ್ಟೆಯೋ ನನ್ನಪ್ಪಾ!" ಎಂದು ದೊಡ್ಡಮ್ಮ ಜಗಲಿಯ ಮೇಲೆ ಕುಸಿದು ಕೂತರು. ಆದರೆ ಮರಕ್ಕೆ ಮಗನ ಹೆಸರೇ ಇಲ್ಲದ ಮೇಲೆ ತಡೆಯಲು ಅವರಿಗೆ ನೆಪ ಉಳಿದಿರಲಿಲ್ಲ. ಅವನವನ ಮರ, ಅವನವನ ಇಷ್ಟ. ಎಂಥ ಉಪಾಯ ಹೂಡಿದರಪ್ಪ ಎಂದು ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

ಅವತ್ತೇ ಬಂದ ಮರ ಕುಯ್ಯುವವರು ಕಾಂಡವನ್ನು ಅಂಗೈಯಿಂದ ತಟ್ಟಿ ನೋಡಿ, ಹತ್ತುವುದಿಲ್ಲ ಎಂದುಬಿಟ್ಟರು. ಉದ್ದ ಗಳುವಿನಿಂದ ಹಗ್ಗ ಏರಿಸಿ, ಮನೆಯಿಂದ ಆಚೆಗೆ ಎಳೆದು ಹಿಡಿದು ಗರಗಸ ಇಟ್ಟರು. ಗರಗಸ ಕಾಲುಭಾಗ ಇಳಿದಿರಲಿಲ್ಲ, ಮರ ನಡುವಿನಲ್ಲಿ ತಾನಾಗಿಯೇ ಮುರಿದು ಅಂಗಳಕ್ಕೆ ಬಿತ್ತು. ಒಳಗೆ ಗಟ್ಟಿ ಎನ್ನುವುದೇ ಇರಲಿಲ್ಲ. ಹುಳಿ ವಾಸನೆಯ ಕಂದು ಹಿಟ್ಟು, ಅದರಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಹೊರಳುತ್ತಿದ್ದವು. ಮಾವ ಮಂಡಿಯೂರಿ ಕ್ಯಾಮೆರಾ ಹಿಡಿದರು. "ನೋಡಮ್ಮ, ಕಾಲೇ ಇಲ್ಲ. ಬರೀ ಬಾಯಿ" ಎಂದರು. ಬಿದ್ದ ಗೊನೆಯ ಎಳನೀರನ್ನು ಬಂದವರೆಲ್ಲ ಕುಡಿದರು. ಅದು ಸಿಹಿಯಾಗೇ ಇತ್ತಂತೆ, ನನಗೆ ಬಾಯಿಗೆ ಇಡಲಾಗಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲು ಒಂದು ದಿನ ಮಾವನಿಗೆ ಕಾಫಿ ತೆಗೆದುಕೊಂಡು ತೋಟಕ್ಕೆ ಹೋದೆ. ಹುಲ್ಲಿನ ಮೇಲೆ ಬೋರಲು ಮಲಗಿ, ಕ್ಯಾಮೆರಾಕ್ಕೆ ಮುಖ ಕೊಟ್ಟಿದ್ದರು. ಒಂದು ಸಲ ಕರೆದೆ. ಹುಳು ಹಾರಿಹೋದೀತೆಂದು ಉಸಿರು ಹಿಡಿದಿದ್ದಾರೆ ಎಂದುಕೊಂಡು ಸುಮ್ಮನೆ ನಿಂತೆ. ಲೋಟದಲ್ಲಿ ಕಾಫಿ ಆರಿತು. ಅವರು ಉಸಿರು ಬಿಡಲೇ ಇಲ್ಲ.

ಹೃದಯ ನಿಂತಿದೆ ಎಂದರು ಡಾಕ್ಟರು. ಅದು ನಿಜವೇ ಇರಬೇಕು, ನಾನು ಬೇರೆ ಏನನ್ನೂ ನಂಬುವವಳಲ್ಲ. ದೊಡ್ಡಮ್ಮ ಮಾತ್ರ ಅಳಲಿಲ್ಲ. ಅಂಗಳದಲ್ಲಿ ಉಳಿದ ಮರದ ಮೋಟು ನೋಡುತ್ತ ಕೂತಿದ್ದರು.

ಹಾರ ಹಾಕಲು ಪಟ ಬೇಕಾಯಿತು. ಜನ್ಮವಿಡೀ ಕ್ಯಾಮೆರಾದ ಹಿಂದೆಯೇ ನಿಂತವರಿಗೆ ತಮ್ಮದೊಂದು ಫೋಟೋ ಇರಲಿಲ್ಲ, ಒಂದನ್ನು ಬಿಟ್ಟು. ಅದನ್ನು ತೆಗೆದವಳು ನಾನು, ಮರ ಕಡಿಯುವ ಹಿಂದಿನ ಸಂಜೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಜಗಲಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಿದ್ದರು. ಇದೇನು ಮಾವ ಹೊಸ ಷೋಕಿ ಎಂದು ರೇಗಿಸಿದ್ದೆ. ಅವರು ನಗಲಿಲ್ಲ. "ಒಸಿ ಹತ್ರ ಬಾಮ್ಮ, ಮುಖ ತುಂಬ್ಕಬೇಕು. ಕಟ್ಟು ಹಾಕ್ಸೋಕೆ ಸರಿಹೋಯ್ತದೆ" ಎಂದಿದ್ದರು.

ಮಾರನೆಯ ಬೆಳಿಗ್ಗೆ ಮರದ ಹೆಸರು ಬದಲಿಸಿದ್ದು ದೊಡ್ಡಮ್ಮನನ್ನು ಏಮಾರಿಸಲು ಆಡಿದ ಆಟವೆಂದು ನಾನು ಇಷ್ಟು ದಿನ ತಿಳಿದಿದ್ದೆ. ಮರಕ್ಕಾದದ್ದು ಹೆಸರಿನವನಿಗೂ ಆಗುತ್ತದೆಂದು ಮಾವ ನಿಜವಾಗಿಯೂ ನಂಬಿದ್ದರು. ನಂಬಿಯೇ, ನನ್ನ ಗಂಡನ ಹೆಸರು ತೆಗೆದು ತಮ್ಮ ಹೆಸರು ಹೇಳಿದ್ದರು.